ಯಾವ ಬೆಟ್ಟ, ಯಾವ ಹೊಳೆ?

ಹೊಸಬರು ಯಾರಾದರೂ ಮನೆಯ ಬಾಗಿಲಿಗೆ ಬಂದರೆ ನಮ್ಮ ಮಲೆನಾಡಿನ ಕಡೆ ಮೊದಲು ಹೆಸರು ಕೇಳುವ ಪದ್ಧತಿಯಿಲ್ಲ. ‘ಯಾವ ಊರಾಯಿತು?’ ಎಂಬುದು ಮೊದಲನೆಯ ಪ್ರಶ್ನೆ, ‘ಯಾರ ಮನೆಯವರು?’ ಎಂಬುದು ಎರಡನೆಯದು. ಅಷ್ಟರಲ್ಲಿ ಬೆಲ್ಲ ನೀರು ಬಂದಿರುತ್ತದೆ. ಒಳಗೆ ಕಾಫಿಗೆ ನೀರಿಟ್ಟಾಗಿರುತ್ತದೆ. ಹೆಸರು ತಿಳಿಯುವ ಹೊತ್ತಿಗೆ ಎರಡು ಕಡೆಯ ನಂಟಸ್ತಿಕೆಯೂ ಎಲ್ಲಿಯೋ ಒಂದೆಡೆ ಕೂಡಿಕೊಂಡು, ಬಂದವರು ದೂರದ ಬಳಗವೇ ಆಗಿಬಿಟ್ಟಿರುತ್ತಾರೆ. ಉಪನಯನವಾದ ವಟು ಹಿರಿಯರಿಗೆ ಅಭಿವಾದನ ಮಾಡುವಾಗಲೂ ಹೀಗೆಯೇ. ಋಷಿಗಳು, ಗೋತ್ರ, ಸೂತ್ರ, ಶಾಖೆ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಆ ಬಡಪಾಯಿ ತನ್ನ ಹೆಸರನ್ನು ಹೇಳಿಕೊಳ್ಳುತ್ತಾನೆ.

ಭೂಮಂಡಲದ ಆ ತುದಿಯಲ್ಲಿರುವ ನ್ಯೂಜಿಲೆಂಡ್ ದ್ವೀಪಗಳ ಮೂಲನಿವಾಸಿಗಳಾದ ಮಾವೋರಿ ಜನರಲ್ಲಿಯೂ ಹೆಸರಿಗೆ ಕಡೆಯ ಸ್ಥಾನವೇ. ಸಭೆಯಲ್ಲಿ ಎದ್ದು ನಿಂತವನು ಮೊದಲು ತನ್ನ ಬೆಟ್ಟ ಯಾವುದೆಂದು ಹೇಳಬೇಕು, ಆಮೇಲೆ ತನ್ನ ಹೊಳೆ, ಆಮೇಲೆ, ಹಿರಿಯರು ಕಡಲು ದಾಟಿ ಬಂದ ದೋಣಿಯ ಹೆಸರು, ಕುಲ, ಕುಲದ ಕೂಡುಮನೆ. ಇಷ್ಟಾದ ಮೇಲೆ ‘ನಾನು ಇಂಥವನು’ ಎನ್ನಬಹುದು. ಈ ನಿವೇದನೆಗೆ ಅವರು ‘ಪೆಪೆಹಾ’ ಎನ್ನುತ್ತಾರೆ. ಅವರ ನುಡಿಯಲ್ಲಿ ‘ವಾಯ್’ ಎಂದರೆ ನೀರು. ‘ಯಾರು’ ಎಂದು ಕೇಳುವ ಮಾತೂ ‘ವಾಯ್’ ಎಂಬುದೇ. ನೀನು ಯಾರು ಎಂದು ಕೇಳಿದರೆ ನಿನ್ನ ನೀರು ಯಾವುದು ಎಂದು ಕೇಳಿದಂತೆಯೇ ಅವರ ಕಿವಿಗೆ ಕೇಳಿಸುತ್ತದೆಯಂತೆ.

ನನ್ನಂಥ ನಿವೃತ್ತ ಉಪಾಧ್ಯಾಯಿನಿಗೆ ಈ ಪಾಠ ಕಲಿಸಿದವಳು ಒಂಬತ್ತು ವರ್ಷದ ಮೊಮ್ಮಗಳು. ಮಗಳು, ಅಳಿಯ ಆಕ್ಲೆಂಡ್ ನಗರದಲ್ಲಿ ನೆಲೆಸಿ ಹನ್ನೆರಡು ವರ್ಷಗಳಾದುವು. ಮಗು ಹುಟ್ಟಿದ್ದು ಅಲ್ಲಿಯೇ. 2023ರಲ್ಲಿ ಒಂದು ಸಂಜೆ ಫೋನಿನ ಪರದೆಯಲ್ಲಿ ಕಾಣಿಸಿಕೊಂಡ ಅವಳು ಕುಶಲಪ್ರಶ್ನೆಗೂ ಕಾಯದೆ, “ಅಜ್ಜೀ, ನಮ್ಮ ಬೆಟ್ಟ ಯಾವುದು? ಬೇಗ ಹೇಳಿ, ನಾಳೆ ಶಾಲೆಯಲ್ಲಿ ಬೇಕು” ಎಂದಳು.

ಬೆಟ್ಟದ ಮಾತು ಸುಲಭವಾಗಿತ್ತು. ನನ್ನ ತವರು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿ, ಬಿಸಿಲೆಗೆ ಎರಡು ಹರಿದಾರಿ ದೂರದ ಒಂದು ಹಳ್ಳಿ. ಬಿಸಿಲೆಯ ಹೆಸರಿನಲ್ಲಿ ಬಿಸಿಲಿದೆ. ಆಕಾಶದಲ್ಲಿ ಮಾತ್ರ ವರ್ಷದ ಐದಾರು ತಿಂಗಳು ಮಳೆಯೇ. ಮೋಡ ಸರಿದ ದಿನ ಘಟ್ಟದ ಅಂಚಿನಲ್ಲಿ ನಿಂತರೆ ಕಣಿವೆಯಾಚೆ ಕೊಡಗಿನ ಪುಷ್ಪಗಿರಿ ಎದ್ದು ಕಾಣುತ್ತದೆ. ಕುಕ್ಕೆ ಸುಬ್ರಹ್ಮಣ್ಯದ ಯಾತ್ರಿಕರು ಅದನ್ನೇ ಕುಮಾರ ಪರ್ವತವೆನ್ನುತ್ತಾರೆ. 1,712 ಮೀಟರ್ ಎತ್ತರದ ಆ ಬೆಟ್ಟದ ಕಡೆಗೆ ಕೈಮುಗಿದು ಕಣ್ಣು ಬಿಡುವುದು ನನ್ನ ತಾಯಿಗೆ ದಿನದ ಮೊದಲ ಕೆಲಸವಾಗಿತ್ತು. ಪುಷ್ಪಗಿರಿ ಎಂದು ಬರೆದುಕೊ ಎಂದೆ.

ತೊಡಕು ಬಂದುದು ಹೊಳೆಯ ವಿಷಯದಲ್ಲಿ. ಬಿಸಿಲೆಯ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಬ್ರಿಟಿಷರ ಕಾಲದ ಒಂದು ಗುರುತಿನ ಕಲ್ಲಿದೆ. ಅದರ ಪಡುವಲಿಗೆ ಬಿದ್ದ ಹನಿ ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮೂಡಲಿಗೆ ಬಿದ್ದದ್ದು ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ. ನಮ್ಮ ಬೆಟ್ಟದ ನೀರು ಪಡುವಣ ಕಡಲಿಗೆ. ನಮ್ಮ ಮನೆಯ ಸೂರಿನ ನೀರು ಮೂಡಣ ಕಡಲಿಗೆ! ಯಾವುದನ್ನು ಹೇಳಲಿ? ಹಿಂದಿನಿಂದ ಅಳಿಯಂದಿರು, “ಕಾವೇರಿ ಎನ್ನಿ ಅತ್ತೆ, ನಾಲ್ಕು ಜನಕ್ಕೆ ಗೊತ್ತಿರುವ ಹೆಸರು” ಎಂದರು. ಅವರು ಹೊಳೆನರಸೀಪುರದ ಕಡೆಯವರು. ನಾಲೆಯ ನೀರು ಕಂಡವರು. ಇವರ ಮಾತಿಗೆ ಮಗಳು ಸುಮ್ಮನಿದ್ದಳೇ? ಹತ್ತು ನಿಮಿಷ ಜಲವಿವಾದ ನಡೆಯಿತು. ಮಗು ಯಾರನ್ನೂ ಕೇಳದೆ ಕುಮಾರಧಾರೆ ಎಂದು ಬರೆದುಕೊಂಡಳು. ಬೆಟ್ಟದಿಂದ ಇಳಿದು ಬರುವ ಹೊಳೆಯೇ ಆ ಬೆಟ್ಟದ ಜೊತೆಗೆ ಇರಬೇಕೆಂಬುದು ಅವಳ ನ್ಯಾಯ.

ಇಲ್ಲಿ ಅವರ ಶಾಲೆಯವರ ಒಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ. ಮಾವೋರಿ ಕುಲದಲ್ಲಿ ಹುಟ್ಟಿದ ಮಗುವಾದರೆ ‘ಇದು ನನ್ನ ಬೆಟ್ಟ’ ಎನ್ನುತ್ತದೆ. ಇತರ ಮಕ್ಕಳು ಹಾಗೆನ್ನದೆ, ‘ನನ್ನ ಹಿರಿಯರು ಈ ಬೆಟ್ಟದ ನೆರಳಿನಲ್ಲಿ ಬಾಳಿದವರು’ ಎಂಬ ಅರ್ಥ ಬರುವಂತೆ ಹೇಳಬೇಕೆಂದು ಉಪಾಧ್ಯಾಯಿನಿ ತಿದ್ದಿದರಂತೆ. ಬೆಟ್ಟ ನಮ್ಮದೆನ್ನುವುದಕ್ಕಿಂತ ನಾವು ಬೆಟ್ಟದ ನೆರಳಿನವರೆನ್ನುವುದು ನನ್ನ ಕಿವಿಗೂ ಹಿತವಾಯಿತು. ಈ ಭಾವನೆ ಆ ದೇಶದಲ್ಲಿ ಬರಿಯ ಮಾತಾಗಿಯೂ ಉಳಿದಿಲ್ಲ. ವಾಂಗನುಯಿ ನದಿಗೆ 2017ರಲ್ಲಿ, ತಾರನಾಕಿ ಪರ್ವತಕ್ಕೆ 2025ರಲ್ಲಿ, ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿಗಿರುವ ಸ್ಥಾನವನ್ನೇ ಅಲ್ಲಿಯ ಪಾರ್ಲಿಮೆಂಟು ಕೊಟ್ಟಿತು. ನಾವು ನದಿಯನ್ನು ತಾಯಿ ಎನ್ನುತ್ತೇವೆ. ಆ ತಾಯಿಯ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವವರು ಯಾರೆಂದು ಅವರು ಬರೆದಿಟ್ಟುಕೊಂಡಿದ್ದಾರೆ.

2024ರ ಮಾರ್ಚ್ ತಿಂಗಳಿನಲ್ಲಿ ನಾನೇ ಆಕ್ಲೆಂಡಿಗೆ ಹೋದೆ. ಶಾಲೆಯ ಮಕ್ಕಳನ್ನೂ ಮನೆಯವರನ್ನೂ ಒಂದು ದಿನ ‘ಮರಾಯ್’ಗೆ ಕರೆದೊಯ್ದರು. ಮರಾಯ್ ಎಂದರೆ ಕುಲದ ಅಂಗಳ. ಅಂಗಳದ ತಲೆಯಲ್ಲಿ ಕೂಡುಮನೆ. ಆ ಮನೆ ಮರದ ಕಟ್ಟಡವಾದರೂ ಅವರ ಪಾಲಿಗೆ ಮೂಲಪುರುಷನ ಶರೀರ. ಮಾಡಿನ ನಡುತೊಲೆ ಅವನ ಬೆನ್ನುಮೂಳೆ, ಇಳಿಜಾರಿನ ಜಂತೆಗಳು ಪಕ್ಕೆಲುಬು. ಒಳಗೆ ಹೋಗುವುದೆಂದರೆ ಅಜ್ಜನ ಮಡಿಲಿಗೆ ಹೋದಂತೆ. ಆದ್ದರಿಂದ ಚಪ್ಪಲಿ ಹೊರಗೆ. ಅಷ್ಟು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನಾವು ಬಾಗಿಲಲ್ಲಿ ಗುಂಪಾಗಿ ನಿಂತೆವು, ಹೆಂಗಸರು ಮುಂದೆ. ಅಂಗಳದ ಆ ತುದಿಯಿಂದ ಮೊದಲು ಬಂದುದು ಒಂದು ಹೆಣ್ಣಿನ ಕೂಗು. ಕೂಗೆಂದರೆ ತಪ್ಪಾದೀತು, ಹಾಡೆಂದರೂ ಸಾಲದು. ಸಂಜೆ ಕಾಡಂಚಿನಲ್ಲಿ ದನ ಕರೆಯುವ ನಮ್ಮ ಹೆಂಗಸರ ದನಿಯಲ್ಲಿ ಎಳೆತವೊಂದಿರುತ್ತದೆಯಲ್ಲ, ಅದಕ್ಕೆ ಶೋಕವನ್ನೂ ಗೌರವವನ್ನೂ ಬೆರೆಸಿದಂತೆ. ಇದು ‘ಕರಂಗಾ’. ಬಂದವರನ್ನಷ್ಟೇ ಅಲ್ಲ, ಅವರ ಬೆನ್ನ ಹಿಂದಿರುವ ಸತ್ತ ಹಿರಿಯರನ್ನೂ ಒಳಗೆ ಕರೆಯುವುದು. ಹೆಣ್ಣಿನ ದನಿ ಏಳದೆ ಅತಿಥಿ ಹೆಜ್ಜೆಯಿಡುವಂತಿಲ್ಲ. ನಮ್ಮ ಗುಂಪಿನಿಂದಲೂ ಒಬ್ಬಾಕೆ ದನಿಯೆತ್ತಿ ಉತ್ತರ ಕೊಟ್ಟರು. ನನ್ನ ತೋಳಿನ ರೋಮಗಳು ನಿಮಿರಿದುವು. ನನ್ನ ಅಜ್ಜ ಅಜ್ಜಿಯರೂ ಆ ಕ್ಷಣ ಆ ಹುಲ್ಲಿನ ಮೇಲೆ ನನ್ನ ಹಿಂದೆ ಬರುತ್ತಿರುವರೆಂದು ಅನ್ನಿಸಿತು.

ಆಮೇಲೆ ಹಾಕಾ. ಇಪ್ಪತ್ತು ಮೂವತ್ತು ಹುಡುಗರು ಮೊಣಕಾಲು ಬಾಗಿಸಿ ನೆಲ ತುಳಿದು, ಎದೆ ತೊಡೆ ತಟ್ಟಿಕೊಂಡು, ಕಣ್ಣು ಹೊರಳಿಸಿ, ನಾಲಗೆ ಚಾಚಿ, ಒಂದೇ ಗಂಟಲಿನಿಂದ ಬಂದಂತೆ ಗರ್ಜಿಸಿದರು. ವಾದ್ಯವಿಲ್ಲ, ಮೈಯೇ ವಾದ್ಯ. ಆದರೆ ನನ್ನ ಕಣ್ಣು ನೆಟ್ಟುದು ಅವರ ಬೆರಳುಗಳಲ್ಲಿ. ಇಷ್ಟು ಆರ್ಭಟದ ನಡುವೆ ಚಾಚಿದ ಕೈಗಳು ಮಾತ್ರ ಎಲೆಯಂತೆ ಸಣ್ಣಗೆ ನಡುಗುತ್ತಿದ್ದುವು. ಈ ನಡುಕಕ್ಕೆ ‘ವಿರಿ’ ಎಂದು ಹೆಸರು. ಸೂರ್ಯನಿಗೂ ಬೇಸಗೆಯ ಕನ್ಯೆಗೂ ಹುಟ್ಟಿದ ಮಗ ತಾನೆರೋರೆ. ಅವನು ತಾಯಿಯ ಸಂತೋಷಕ್ಕಾಗಿ ಕುಣಿಯುತ್ತಾನೆ. ಕಡುಬೇಸಗೆಯಲ್ಲಿ ನೆಲದ ಮೇಲೆ ಗಾಳಿ ಝಳಝಳಿಸುವುದು ಅವನ ಕುಣಿತವೇ. ಹಾಕಾದ ಹುಟ್ಟು ಅಲ್ಲಿಂದ ಎಂಬುದು ಅವರ ಪುರಾಣ. ನಮ್ಮ ಹಿರಿಯರು ಅದೇ ಝಳವನ್ನು ಕಂಡು ಬಿಸಿಲ್ಗುದುರೆ ಎಂದರು. ನಾವು ಕುದುರೆಯನ್ನು ಕಂಡೆವು, ಅವರು ಕುಣಿಯುವ ಹುಡುಗನನ್ನು ಕಂಡರು. ಬಿಸಿಲೆಯ ಸೀಮೆಯ ಹೆಂಗಸೊಬ್ಬಳು ಬಿಸಿಲ ಕುಣಿತವನ್ನು ನೋಡಲು ಅಷ್ಟು ದೂರ ಹೋಗಬೇಕಾಯಿತೆಂದು ಮನಸ್ಸಿನಲ್ಲೇ ನಕ್ಕೆ.

ಭಾಷಣಗಳಾದುವು. ಒಂದೊಂದು ಭಾಷಣ ಮುಗಿದಾಗಲೂ ಮಾತಾಡಿದವನ ಕಡೆಯವರು ಎದ್ದು ನಿಂತು ಒಂದು ಹಾಡು ಹಾಡಲೇಬೇಕು. ಹಾಡಿಲ್ಲದ ಮಾತು ಮೇಲುಹೊದಿಕೆಯಿಲ್ಲದೆ ಸಭೆಗೆ ಬಂದವನ ಹಾಗೆ. ಈ ನಿಯಮ ಅತಿಥಿಗಳಿಗೂ ತಪ್ಪದು. ನಮ್ಮ ಪಕ್ಷದ ಮಾನವನ್ನು ಶಾಲೆಯ ಉಪಾಧ್ಯಾಯಿನಿಯರು ಕಲಿತ ಹಾಡೊಂದರಿಂದ ಉಳಿಸಿದರು. ಅನಂತರ ಸಾಲುನಿಂತು ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುವ ‘ಹೊಂಗಿ’. ಆಮೇಲೆ ಊಟ. ಉಂಡ ಮೇಲೆಯೇ ಹೊಸಬರ ಮೈಮೇಲಿನ ‘ತಾಪು’, ಅಂದರೆ ಕಟ್ಟು, ಬಿಡುವುದು.

ಊಟದ ಮನೆಯಲ್ಲಿ ನನ್ನ ಪಕ್ಕ ಕುಳಿತ ಮಾವೋರಿ ಮುದುಕಿ, ನನ್ನ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚಿನವರು, ಗೆಣಸಿನ ತಟ್ಟೆಯನ್ನು ನನ್ನ ಕಡೆ ಸರಿಸಿ, “ನಿಮ್ಮ ಹಾಡು ಯಾವುದು?” ಎಂದರು. ಮಗಳು ತರ್ಜುಮೆ ಮಾಡಿದಳು. ಸಿನಿಮಾ ಹಾಡು ನಾಲಗೆಯ ತುದಿಗೆ ಬಂತು. ಆದರೆ ಆ ದನಿಗಳನ್ನು ಕೇಳಿದ ಮೇಲೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅಮ್ಮ ಬೀಸುವಾಗ ಹೇಳುತ್ತಿದ್ದ ಒಂದು ಪದ, ತವರಿನ ದಾರಿಯ ಮೇಲಿನದು, ಅರವತ್ತು ವರ್ಷದ ಹಿಂದಿನದು, ಎಲ್ಲಿತ್ತೋ ಎದ್ದು ಬಂತು. ಬಲಗೈ ತಾನಾಗಿಯೇ ಮೇಜಿನ ಮೇಲೆ ಬೀಸುಕಲ್ಲಿನ ಗೂಟ ಹಿಡಿದಂತೆ ಸುತ್ತತೊಡಗಿತು. ಆ ಮುದುಕಿ ಸುಮ್ಮನೆ ನನ್ನ ಕೈಯನ್ನೇ ನೋಡುತ್ತ ಲಯಕ್ಕೆ ತಲೆಯಾಡಿಸಿದರು. ಪಕ್ಕದಲ್ಲಿ ಮಗಳು ರಾಗ ಗುನುಗಿದಳು. ಮಾತು ಅವಳಿಗೆ ಬಾರದು. ಮೊಮ್ಮಗಳಿಗೆ ರಾಗವೂ ಹೊಸದು. ಒಂದೇ ಬೆಂಚಿನ ಮೇಲೆ ಮೂರು ತಲೆಮಾರು, ಮಾತು, ರಾಗ, ಬರಿಯ ಕಿವಿ ಎಂದು ಪಾಲಾಗಿ ಕುಳಿತಿದ್ದೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ಹಾಡು ಕಲ್ಲಿಗೆ ಅಂಟಿಕೊಂಡಿತ್ತು. ಹಿಟ್ಟಿನ ಗಿರಣಿ ಬಂತು, ಕಲ್ಲು ನಿಂತಿತು, ಹಾಡೂ ನಿಂತಿತು. ನಾಟಿಯ ಪದವೂ ನಾಟಿಗದ್ದೆಯ ಜೊತೆಗೇ ಹೋಯಿತು. ಗದ್ದೆಗಳೆಷ್ಟೋ ಪಾಳು ಬಿದ್ದುವು, ಎಷ್ಟೋ ಕಾಫಿ ಅಡಿಕೆಯಾದುವು. ಗಿರಣಿ ಬೇಡವಿತ್ತೆಂದು ನಾನು ಹೇಳೆನು. ನಸುಕಿಗೆದ್ದು ಬೀಸಿದ ಅಮ್ಮನ ಅಂಗೈ ನೋಡಿದವರು ಯಾರೂ ಹೇಳರು. ಮಾವೋರಿಗಳು ತಮ್ಮ ಹಾಡನ್ನು ಅತಿಥಿಗೆ, ಸಾವಿಗೆ, ಸಭೆಯ ಮಾತಿಗೆ ಗಂಟು ಹಾಕಿದ್ದಾರೆ. ಯಾವ ಯಂತ್ರ ಬಂದರೂ ಅತಿಥಿ ಬರುವುದು ನಿಲ್ಲುವುದಿಲ್ಲ, ಸಾವೂ ನಿಲ್ಲುವುದಿಲ್ಲ.

ಊರಿಗೆ ಹಿಂದಿರುಗಿ ಹಾಸನದ ನಮ್ಮ ಬೀದಿಯಲ್ಲಿ ಇದನ್ನೆಲ್ಲ ವರ್ಣಿಸಿದಾಗ ನೆರೆಮನೆಯ ರಾಯರು, “ಕಣ್ಣು ಹೊರಳಿಸಿ ನಾಲಗೆ ಚಾಚುವುದೂ ಒಂದು ಸಂಸ್ಕೃತಿಯೇ?” ಎಂದು ಮೂಗು ಮುರಿದರು. ಪ್ರತಿವರ್ಷ ನವರಾತ್ರಿಯಲ್ಲಿ ನಾಲಗೆ ಚಾಚಿದ ಕಾಳಿಗೆ ಅಡ್ಡಬೀಳುವವರು ಇವರು! ನಮ್ಮ ವೀರಗಾಸೆಯವರು ಕತ್ತಿ ಹಿಡಿದು ಹೆಜ್ಜೆ ಹಾಕುತ್ತ ನಡುವೆ ನಿಂತು, ದಕ್ಷಯಜ್ಞದ ಒಡಪನ್ನು ಆರ್ಭಟಿಸಿ ಹೇಳುವುದನ್ನು ಕಂಡವರಿಗೆ ಹಾಕಾ ವಿಚಿತ್ರವೆನಿಸಬಾರದು. ಕಾಲು, ಕಣ್ಣು, ಗಂಟಲು ಮೂರೂ ಕೂಡಿ ಹೇಳಿದರೆ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಹಾಕಾ ಎಂದರೆ ಯುದ್ಧನೃತ್ಯ ಎಂದು ತಿಳಿದವರೇ ಹೆಚ್ಚು. ಆ ದೇಶದ ರಗ್ಬಿ ತಂಡದವರು ಪಂದ್ಯಕ್ಕೆ ಮುಂಚೆ ಮಾಡುವುದನ್ನು ದೂರದರ್ಶನದಲ್ಲಿ ನೋಡಿ ಬಂದ ತಿಳಿವಳಿಕೆ ಅದು. ವಾಸ್ತವದಲ್ಲಿ ಹಾಕಾ ಎಂದರೆ ಕುಣಿತ. ಸ್ವಾಗತಕ್ಕೆ, ಮದುವೆಗೆ, ಶವಸಂಸ್ಕಾರಕ್ಕೆ, ಪ್ರತಿಭಟನೆಗೆ ಬೇರೆಬೇರೆ. ರಗ್ಬಿಯವರ ಆ ಪ್ರಸಿದ್ಧ ಹಾಕಾ ‘ಕಾ ಮಾತೆ’. ಅದನ್ನು ಸುಮಾರು 1820ರಲ್ಲಿ ರಚಿಸಿದವನು ನ್ಗಾತಿ ತೋವಾ ಕುಲದ ನಾಯಕ ತೆ ರೌಪರಾಹಾ. ಶತ್ರುಗಳು ಬೆನ್ನಟ್ಟಿದಾಗ ಗೆಣಸು ಕೂಡಿಡುವ ಹಗೇವಿನಲ್ಲಿ ಅಡಗಿ, ಪಾರಾಗಿ, ಮತ್ತೆ ಬೆಳಕಿಗೆ ಬಂದವನ ಹರ್ಷೋದ್ಗಾರ ಅದು. ಯುದ್ಧದ ಕರೆಯಲ್ಲ, ಬದುಕಿದೆನೆಂಬ ನಿಟ್ಟುಸಿರು! ಕಂಡವರೆಲ್ಲ ಬಳಸಿ ಅದು ಅಗ್ಗವಾದಾಗ ಅವನ ಕುಲದವರು ಹೋರಾಡಿ 2014ರಲ್ಲಿ ಕಾನೂನೊಂದನ್ನು ಪಡೆದರು. ವಾಣಿಜ್ಯಕ್ಕಾಗಿ ಅದನ್ನು ಪ್ರಕಟಿಸುವವರು ಕವಿಯ ಹೆಸರನ್ನು ಹೇಳಲೇಬೇಕು.

ಇಷ್ಟು ಗಟ್ಟಿಯಾಗಿ ನಿಂತಿರುವ ಜನ ಒಮ್ಮೆ ಬಾಯಿಗೆ ಬೀಗ ಬಿದ್ದವರೇ. 1867ರ ಕಾಯಿದೆ ಅವರ ಮಕ್ಕಳ ಶಾಲೆಗಳಲ್ಲಿ ಇಂಗ್ಲಿಷನ್ನು ಕೂರಿಸಿತು; ಮನೆಮಾತನಾಡಿದ ಮಕ್ಕಳಿಗೆ ಮುಂದೆ ಬೆತ್ತದೇಟು ಬಿತ್ತು. 1972ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಸಹಿಯಿದ್ದ ಅರ್ಜಿ ಪಾರ್ಲಿಮೆಂಟಿಗೆ ಹೋಯಿತು. ಇಂದು ‘ತೆ ಮತಾತಿನಿ’ ಎಂದು ಹೆಸರಾದ ಹಾಡುಕುಣಿತದ ರಾಷ್ಟ್ರೀಯ ಸ್ಪರ್ಧೆಯ ಮೊದಲ ಕೂಟ ರೋತೊರುವಾದಲ್ಲಿ ನಡೆದುದೂ ಅದೇ ವರ್ಷ. 1982ರಲ್ಲಿ ಅಜ್ಜಿಯರೇ ಮುಂದೆ ನಿಂತ ‘ನುಡಿಗೂಡು’ ಶಿಶುವಿಹಾರಗಳು. 1987ರಲ್ಲಿ ಮಾವೋರಿ ರಾಜ್ಯಭಾಷೆ. 2024ರ ನವೆಂಬರಿನಲ್ಲಿ, 1840ರ ವೈತಾಂಗಿ ಒಪ್ಪಂದದ ಅರ್ಥವನ್ನು ಬದಲಿಸಹೊರಟ ಮಸೂದೆಯನ್ನು ಸದನದಲ್ಲಿಯೇ ಹರಿದು ಹಾಕಾ ಆರಂಭಿಸಿದ ತರುಣ ಸದಸ್ಯೆ ಹಾನಾ ಮೈಪಿ-ಕ್ಲಾರ್ಕ್ ಅವರನ್ನು ಮುಂದಿನ ಜೂನ್‌ನಲ್ಲಿ ಏಳು ದಿನ ಅಮಾನತಿನಲ್ಲಿಟ್ಟರು. ಅಷ್ಟರೊಳಗೆ, ಏಪ್ರಿಲಿನಲ್ಲಿ, ಮಸೂದೆಯೇ ಬಿದ್ದುಹೋಗಿತ್ತು.

ಆ ಕಥೆಯಲ್ಲಿ ನನಗೆ ಹೆಚ್ಚು ಹತ್ತಿರದವರಾಗಿ ಕಂಡವರು ಅಪಿರಾನಾ ನ್ಗಾತಾ. ವಕೀಲರು, ಮಂತ್ರಿಗಳೂ ಆದವರು. ಕುಲಕುಲಗಳನ್ನು ಸುತ್ತಿ ಶೋಕಗೀತೆ, ಜೋಗುಳ, ಪ್ರೇಮಗೀತೆಗಳನ್ನು ಕೂಡಿಸಿ 1928ರಲ್ಲಿ ‘ನ್ಗಾ ಮೋತೆಯಾತೆಯಾ’ ಸಂಪುಟದ ಮೊದಲ ಭಾಗವನ್ನು ಹೊರತಂದರು. ಆದರೆ ಇದಕ್ಕೆ ಬೆರಗಾಗುವ ಮೊದಲು ಬಿಸಿಲೆಯ ಅಂಚಿನಲ್ಲಿ ನಿಂತು ಕಣಿವೆಯಾಚೆ ನೋಡಬೇಕು. ಅದೇ ಪುಷ್ಪಗಿರಿಯ ನಾಡಾದ ಕೊಡಗಿನಲ್ಲಿ, ನ್ಗಾತಾಗಿಂತ ನಾಲ್ಕು ವರ್ಷ ಮೊದಲೇ, ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಇದೇ ಕೆಲಸ ಮಾಡಿ ಮುಗಿಸಿದ್ದರು. ಹಾಡುಗಳು ಕೊಡವ ನುಡಿಯಲ್ಲಿ, ವಿವರಣೆ ಕನ್ನಡದಲ್ಲಿ. 1924ರಲ್ಲಿ ಅಚ್ಚಾದ ಆ ಗ್ರಂಥ ‘ಪಟ್ಟೋಲೆ ಪಳಮೆ’. ಹುತ್ತರಿಯ ಹುಣ್ಣಿಮೆ ಕಳೆದು ಮಂದಿನಲ್ಲಿ ಕೋಲಾಟವಾಗುವಾಗ, ಬೆತ್ತ ಗುರಾಣಿ ಹಿಡಿದು ಮೊಣಕಾಲ ಕೆಳಗೆ ಹೊಡೆಯುವ ಪರಿಯಕಳಿಯಲ್ಲಿ ವೀರರು ಎದುರಾಗುವಾಗ, ಮದುವೆ ಸಾವುಗಳಲ್ಲಿ ದುಡಿ ಬಾರಿಸುತ್ತ ನಾಲ್ವರು ಹಾಡುವಾಗ, ಅಲ್ಲಿಯೂ ಹಾಡು ಬದುಕಿನ ಕಟ್ಟಳೆಗೆ ಗಂಟು ಬಿದ್ದಿದೆ. ಒಬ್ಬರಿಗೊಬ್ಬರ ಪರಿಚಯವಿಲ್ಲದೆ, ಎರಡು ಕಡಲುಗಳಾಚೆ ಈಚೆ, ಇಬ್ಬರು ಒಂದೇ ಹೊತ್ತಿನಲ್ಲಿ ಮುದುಕರ ಬಾಯಿಯ ಮುಂದೆ ಲೇಖನಿ ಹಿಡಿದು ಕುಳಿತಿದ್ದರು.

ಕಣಿವೆಯ ಈಚೆಯ ನಮ್ಮ ಊರಿನ ಸುಗ್ಗಿಯ ಪದಗಳನ್ನು ಹಾಗೆ ಕುಳಿತು ಬರೆದುಕೊಂಡವರನ್ನು ನಾನು ಕಾಣೆ. ಅವು ಇರುವುದು ಇನ್ನು ಐದಾರು ಮುದುಕರ ಬಾಯಲ್ಲಿ. ಯುಗಾದಿ ಕಳೆದ ಮೇಲೆ ಗ್ರಾಮದೇವತೆಯ ಸುಗ್ಗಿ. ಸುಗ್ಗಿ ಸಾರಿದರೆಂದರೆ ಊರಿಗೆ ಕಟ್ಟು. ಹಸಿಮರಕ್ಕೆ ಕತ್ತಿ ಹಾಕುವಂತಿಲ್ಲ, ನೆಲ ಅಗೆಯುವಂತಿಲ್ಲ, ಒಲೆಯ ಮೇಲೆ ಒಗ್ಗರಣೆ ಚಟಗುಟ್ಟುವಂತಿಲ್ಲ. ಮುಳುಗಿ ಸತ್ತವರಿದ್ದ ನೀರಿನಲ್ಲಿ ಕೆಲವು ಕಾಲ ಮೀನು ಹಿಡಿಯದಂತೆ ಮಾವೋರಿಗಳು ಹಾಕುವ ‘ರಾಹುಯಿ’ಯನ್ನು ಕೇಳಿದಾಗ ನನಗೆ ನೆನಪಾದುದು ನಮ್ಮ ಸುಗ್ಗಿಯ ಸಪ್ಪೆ ಸಾರು. ಬೆಂಗಳೂರಿನ ಹುಡುಗರು ಎರಡು ದಿನದ ರಜೆ ಹಾಕಿ ಬರುತ್ತಾರೆ, ಬಿಳಿಯ ಪಂಚೆ ಉಟ್ಟು ಸುತ್ತಿನಲ್ಲಿ ನಿಲ್ಲುತ್ತಾರೆ. ಹೆಜ್ಜೆ ಬರುತ್ತದೆ, ಪದ ಬಾರದು. ಮುದುಕರು ಹೇಳಿದ ಸಾಲಿನ ಕೊನೆಯ ಮಾತಿಗೆ ಮಾತ್ರ ದನಿ ಕೂಡಿಸುತ್ತಾರೆ.

2025ರ ಏಪ್ರಿಲ್‌ನಲ್ಲಿ ಶಾಲೆಯ ರಜೆಗೆಂದು ಬಂದಿದ್ದ ಮೊಮ್ಮಗಳು ಸುಗ್ಗಿ ನೋಡಿದಳು. ಡೋಲು ಕೊಂಬುಗಳ ಸದ್ದಿಗೆ ಅವಳು ಬೆಚ್ಚಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಹುಡುಗಿಯರು ಯಾಕೆ ಕುಣಿಯುವುದಿಲ್ಲ ಅಜ್ಜಿ? ಕರೆಯುವುದಕ್ಕಾದರೂ ಹೆಂಗಸರು ಬೇಡವೇ?” ಎಂದು ಕೇಳಿದಳು. ಬೇರೆಯ ಊರುಗಳಲ್ಲಿ ಹೇಗೋ, ನಮ್ಮೂರಿನ ಸುತ್ತಿನಲ್ಲಿ ಹೆಂಗಸರು ನಿಂತುದನ್ನು ನಾನಂತೂ ಕಂಡಿಲ್ಲ. ಪದ ಹೇಳುವ ಹಿರಿಯರೊಬ್ಬರು ದಣಿವಾರಿಸಿಕೊಳ್ಳಲು ನಮ್ಮ ಬಳಿ ಕುಳಿತಿದ್ದರು. ಪ್ರಶ್ನೆಯನ್ನು ಅವರಿಗೇ ಒಪ್ಪಿಸಿದೆ. ಅವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಿರುಗಿಸಿ, ಬಹಳ ಹೊತ್ತು ಯೋಚಿಸಿ, “ಕುಣಿಯೋದು ನಾನೊಬ್ಬ ಹೇಳಿ ಆಗೋ ಮಾತಲ್ಲ ಅಕ್ಕ, ಊರು ಕೂರಬೇಕು. ಪದ ಬೇಕಾದರೆ ಹೇಳಿಕೊಡ್ತೀನಿ. ಪದಕ್ಕೆ ಕಟ್ಟಿಲ್ಲ” ಎಂದರು.

ಮಗು ಮಗಳ ಫೋನನ್ನು ಕಸಿದುಕೊಂಡು ಅವರ ಬಾಯಿಯ ಮುಂದೆ ಹಿಡಿದಳು. ಅವರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಮ್ಮ ಮೊಣಕಾಲನ್ನು ತಟ್ಟಿ ತೋರಿಸಿ, ಮೊದಲ ಸಾಲು ಹೇಳಿದರು. ಅವಳು ತನ್ನ ಮೊಣಕಾಲನ್ನು ತಟ್ಟಿ, ಅದೇ ಸಾಲನ್ನು ಮಾವೋರಿಯ ಒತ್ತಿನಲ್ಲಿ ತಿರುಗಿ ಹೇಳಿದಳು. ನಕ್ಕರು, ಇನ್ನೊಮ್ಮೆ ಹೇಳಿದರು. ಊಟಕ್ಕೆ ಕರೆ ಬರುವ ಹೊತ್ತಿಗೆ ನಾಲ್ಕು ಸಾಲಾಗಿತ್ತು. ಅವರ ಲೆಕ್ಕದಲ್ಲಿ ಆ ಪದಕ್ಕೆ ಒಟ್ಟು ಅರವತ್ತು ಸಾಲು. ಮಗುವಿನ ರಜೆ ಇನ್ನು ಆರು ದಿನ ಉಳಿದಿತ್ತು.